ಸಂಬಳ ಜಪ್ತಿಯ ಮಿತಿ ನಡೆದು ಬಂದ ದಾರಿ

ಮೈಸೂರು ನಗರವು ಬಹುಕಾಲದಿಂದ ಸಂಬಳದಾರರ ಊರು. ಅರಮನೆಯ ನೌಕರರು, ಕಚೇರಿಗಳ ಗುಮಾಸ್ತರು, ರೈಲ್ವೆ ಕಾರ್ಯಾಗಾರದ ಕೆಲಸಗಾರರು, ಉಪಾಧ್ಯಾಯರು ಇವರೆಲ್ಲರ ತಿಂಗಳ ಸಂಬಳವನ್ನು ನಂಬಿಯೇ ಸಂತೇಪೇಟೆಯ ವರ್ತಕರು ಉದ್ದರಿ ಕೊಡುತ್ತಿದ್ದರು. ಜಮೀನುದಾರನ ಸಾಲಕ್ಕೆ ಜಮೀನು ಆಧಾರವಾದರೆ ಸಂಬಳದಾರನ ಸಾಲಕ್ಕೆ ಅವನ ಮುಂದಿನ ತಿಂಗಳೇ ಆಧಾರ. ಸಾಲ ತೀರದೆ ಡಿಕ್ರಿಯಾದ ಮೇಲೆ, ಇನ್ನೂ ಕೈಸೇರದ ಆ ಸಂಬಳದಲ್ಲಿ ಸಾಲ ಕೊಟ್ಟವನ ಪಾಲೆಷ್ಟು, ಸಾಲಗಾರನ ಮನೆಮಂದಿಯ ಪಾಲೆಷ್ಟು? ಕಾನೂನು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ದೀರ್ಘಕಾಲ ಹಿಡಿಯಿತು.

ಇಂಗ್ಲೆಂಡಿನಲ್ಲಿ ಕೂಲಿಕಾರರ ವೇತನ ಜಪ್ತಿಯನ್ನು 1870ರಲ್ಲಿಯೇ ರದ್ದುಪಡಿಸಲಾಯಿತು. ಭಾರತದಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಈ ವಿಷಯಕ್ಕೆ ನೆಲೆಯಾಯಿತು. ಮೈಸೂರು ಸಂಸ್ಥಾನವು 1911ರಲ್ಲಿ ತನ್ನದೇ ಸಂಹಿತೆಯನ್ನು ಮಾಡಿಕೊಂಡಿತು. ಕಾರ್ಮಿಕರ ಸ್ಥಿತಿಗತಿಗಳನ್ನು ಪರಿಶೀಲಿಸಿದ ವ್ಹಿಟ್ಲಿ ಆಯೋಗವು 1931ರ ವರದಿಯಲ್ಲಿ, ತಿಂಗಳಿಗೆ 300 ರೂಪಾಯಿಗಿಂತ ಕಡಿಮೆ ಪಡೆಯುವ ಕೆಲಸಗಾರನ ವೇತನವನ್ನು ಸಂಪೂರ್ಣವಾಗಿ ಜಪ್ತಿಯಿಂದ ಹೊರಗಿಡಬೇಕೆಂದಿತು. ಸರ್ಕಾರ ಅಷ್ಟು ದೂರ ಹೋಗಲಿಲ್ಲ. 1937ರ ತಿದ್ದುಪಡಿಯು ಸಂಬಳದ ಮೊದಲ 100 ರೂಪಾಯಿ ಮತ್ತು ಉಳಿದುದರ ಅರ್ಧಕ್ಕೆ ರಕ್ಷಣೆ ನೀಡಿತು. 1951ರಲ್ಲಿ ಕೇಂದ್ರದ ಸಂಹಿತೆಯೇ ಮೈಸೂರಿಗೂ ವಿಸ್ತರಿಸಿತು. 1976ರಲ್ಲಿ ರಕ್ಷಿತ ಭಾಗವು 400 ರೂಪಾಯಿ ಹಾಗೂ ಉಳಿದುದರ ಮೂರನೇ ಎರಡು ಭಾಗವಾಯಿತು. 2002ರ ಜುಲೈ 1ರಿಂದ 400 ಎಂಬುದು 1,000 ಆಯಿತು.

ಲೆಕ್ಕ ಹೀಗೆ: ಜಪ್ತಿಗೆ ಒಳಪಡದ ಭತ್ಯೆಗಳನ್ನು ಕಳೆದು ಸಂಬಳ 16,000 ರೂಪಾಯಿ ಇದ್ದರೆ, ಮೊದಲ 1,000 ಮತ್ತು ಉಳಿದ 15,000ದಲ್ಲಿ 10,000 ಮನೆಗೆ, ಡಿಕ್ರಿದಾರನಿಗೆ 5,000. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಪ್ತಿ ನಡೆದರೆ ಆ ಡಿಕ್ರಿಯ ಮಟ್ಟಿಗೆ ಸಂಬಳವು ಮತ್ತೆ ಜಪ್ತಿಗೆ ಸಿಗುವುದಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಮಾತ್ರ ರಕ್ಷಣೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದು ಯುಕ್ತವೇ ಸರಿ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿ, ಭವಿಷ್ಯನಿಧಿ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ ಇವು ಜಪ್ತಿಗೆ ಹೊರತು. ಸಾಲ ಕೊಡುವಾಗಲೇ ‘ಈ ರಕ್ಷಣೆ ನನಗೆ ಬೇಡ’ ಎಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಈ ನಿಯಮವನ್ನು ಸಂಹಿತೆಗೆ ಸೇರಿಸಬೇಕಾಗಿ ಬಂದುದೇ ಅಂತಹ ಕಾಗದಗಳು ಎಷ್ಟು ಬಳಕೆಯಲ್ಲಿದ್ದವೆಂಬುದನ್ನು ಸೂಚಿಸುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯವೆರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವನ್ನು ದನಕರುಗಳಿಗೂ ಆಳುಗಳಿಗೂ ಅನ್ವಯಿಸಿ ವಿವರಿಸುವುದು ವಾಡಿಕೆ. ಆದರೆ ಹೊರಲಾರದಷ್ಟು ಹೊರೆ, ಮುಟ್ಟಬೇಕಾದ ಅನ್ನಕ್ಕೆ ತಡೆ ಎಂಬ ಅರ್ಥವನ್ನು ಹಿಡಿದರೆ ಇಡೀ ಸಂಬಳವನ್ನು ಕಸಿಯುವ ವಸೂಲಿಯೂ ಅಲ್ಲಿಯೇ ಸೇರುತ್ತದೆ. ಸಾಲ ತೀರಿಸುವ ಕರ್ತವ್ಯವನ್ನು ಇದು ಕಿಂಚಿತ್ತೂ ಸಡಿಲಿಸುವುದಿಲ್ಲ. ಒಪ್ಪಿಸಿಟ್ಟದ್ದನ್ನು ಅಪಲಾಪ ಮಾಡುವ ನ್ಯಾಸಾಪಹಾರವನ್ನು ಅದೇ ಗ್ರಂಥವು ಸತ್ಯಾಣುವ್ರತದ ಅತಿಚಾರವೆಂದಿದೆ. ಕಾನೂನಿನ 1,000 ರೂಪಾಯಿಯಾದರೋ 2002ರಲ್ಲಿ ನಿಂತಲ್ಲೇ ನಿಂತಿದೆ. ಅಕ್ಕಿ ಬೇಳೆಯ ಬೆಲೆ ನಿಂತಿಲ್ಲ. ಕಾನೂನು ಕೊಟ್ಟ ಮಿತಿಯವರೆಗೆ ಹೋಗಲೇಬೇಕೆಂಬ ನಿರ್ಬಂಧ ಶ್ರಾವಕನಾದ ಡಿಕ್ರಿದಾರನಿಗಿಲ್ಲ.

ಬಸದಿಗಳ ಟ್ರಸ್ಟುಗಳಿಗೂ ಈ ವಿಷಯ ದೂರದ್ದಲ್ಲ. ಕಚೇರಿಯ ಗುಮಾಸ್ತನೊಬ್ಬನ ಸಾಲಕ್ಕಾಗಿ ನ್ಯಾಯಾಲಯದ ಆದೇಶವು ಟ್ರಸ್ಟಿನ ಹೆಸರಿಗೇ ಬರಬಹುದು. 1976ರಲ್ಲಿ ಸೇರಿದ 21ನೇ ಆದೇಶದ 48-ಎ ನಿಯಮದಂತೆ ಖಾಸಗಿ ಉದ್ಯೋಗದಾತರು ಗೊತ್ತುಪಡಿಸಿದ ಮೊತ್ತವನ್ನು ತಿಂಗಳು ತಿಂಗಳು ಹಿಡಿದು ನ್ಯಾಯಾಲಯಕ್ಕೆ ಕಳುಹಿಸಬೇಕು. ಮರುಕದಿಂದ ಪೂರ್ತಿ ಸಂಬಳ ಕೊಟ್ಟುಬಿಟ್ಟರೆ ಆ ಮೊತ್ತಕ್ಕೆ ಟ್ರಸ್ಟೇ ಹೊಣೆ. ಆದೇಶವು ಮಿತಿಯನ್ನು ಮೀರಿದಂತೆ ಕಂಡರೆ ನ್ಯಾಯಾಲಯಕ್ಕೆ ತಿಳಿಸುವುದು ಸರಿಯಾದ ದಾರಿ.

ಸಹಕಾರ ಸಂಘಗಳ ದಾರಿ ಬೇರೆ. ಸದಸ್ಯನು ಮೊದಲೇ ಬರೆದುಕೊಟ್ಟ ಒಪ್ಪಿಗೆಯ ಮೇಲೆ, ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯಿದೆಯ 34ನೇ ಕಲಮಿನಂತೆ, ನ್ಯಾಯಾಲಯಕ್ಕೆ ಹೋಗದೆಯೇ ಸಂಬಳದಿಂದ ಕಂತು ಹಿಡಿಯಬಹುದು. ವೇತನ ಪಾವತಿಯ 1936ರ ಕಾಯಿದೆಯಲ್ಲಿ ಎಲ್ಲ ಕಡಿತಗಳೂ ಸೇರಿ ಅರ್ಧವನ್ನು ಮೀರಬಾರದೆಂದಿದ್ದರೂ, ಸಹಕಾರ ಸಂಘದ ಬಾಕಿ ಸೇರಿದ್ದರೆ ಶೇಕಡಾ 75ರವರೆಗೆ ಅವಕಾಶವಿತ್ತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯ ಮಿತಿ ಶೇಕಡಾ 50. ಜಾಮೀನು ಹಾಕುವವರೂ ಇಲ್ಲಿ ಎಚ್ಚರದಿಂದಿರಬೇಕು. ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಡಿಕ್ರಿಯಾದರೆ ಅವನ ಸಂಬಳವೂ ಜಪ್ತಿಗೆ ಗುರಿ.

ಇಷ್ಟೆಲ್ಲ ಮಿತಿಗಳು ನ್ಯಾಯಾಲಯದ ಮೂಲಕ ಬರುವ ವಸೂಲಿಗೆ. 2025ರ ಆರಂಭದಲ್ಲಿ ಮೈಸೂರು ಜಿಲ್ಲೆಯೂ ಸೇರಿದಂತೆ ಹಲವೆಡೆ, ಡಿಕ್ರಿಯ ಗೊಡವೆಯೇ ಇಲ್ಲದೆ ಮನೆಬಾಗಿಲಿಗೆ ಬರುವ ಕಿರುಸಾಲದ ವಸೂಲಿಗಾರರ ಮೇಲೆ ದೂರುಗಳು ಕೇಳಿಬಂದವು. ರಾಜ್ಯ ಸರ್ಕಾರ ಕಳುಹಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಮೊದಲು ಹಿಂದಿರುಗಿಸಿ, ಫೆಬ್ರವರಿಯಲ್ಲಿ ಅಂಕಿತ ಹಾಕಿದರು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡವನ್ನು ಅದು ವಿಧಿಸಿತು.