ಹೂಡುವುದು ಎಂಬ ಮಾತು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಒತ್ತಾಯ ಮಾಡಿದಾಗ, ಎಸ್.ಎಸ್.ಎಲ್.ಸಿ. ತನಕ ಓದಿದ ನಾನು ಏನು ಬರೆಯಲಿ ಎಂದು ಯೋಚನೆಯಾಯಿತು. ಅದೇ ವಾರ ಹೈಸ್ಕೂಲಿಗೆ ಹೋಗುವ ನನ್ನ ಮಗ ಅಟ್ಟದ ಮೇಲಿನ ನೊಗ ತೋರಿಸಿ, "ಅಪ್ಪಾ, ಇದನ್ನ ಹೆಂಗೆ ಹೂಡ್ತಿದ್ರು?" ಅಂದ. ಸಭೆ ಸಭೆಯಲ್ಲೂ ಷೇರು ಹಣ ಹೂಡಿ, ಹೂಡಿ ಎಂದು ಹೇಳುತ್ತಾ ಬಂದವನು ನಾನು. ಎರಡೂ ಒಂದೇ ಮಾತು ಎಂದು ಅವತ್ತೇ ಹೊಳೆದದ್ದು.

ಎತ್ತು ಹೂಡುವುದು ಸುಲಭದ ಕೆಲಸವಲ್ಲ. ನೊಗವನ್ನು ಜೋಡಿ ಎತ್ತಿನ ಹೆಗಲಿಗೆ ಕೊಟ್ಟು, ಕತ್ತಿನ ಸುತ್ತ ಜತ್ತಿಗೆ ಕಟ್ಟಿ, ನೇಗಿಲನ್ನು ಮಿಣಿಯಿಂದ ನೊಗಕ್ಕೆ ಬಿಗಿಯಬೇಕು. ಜತ್ತಿಗೆ ಬಿಗಿಯಾದರೆ ಉಸಿರು ಕಟ್ಟುತ್ತೆ, ನೊಗ ಸರಿಯಾಗಿ ಕೂರದಿದ್ದರೆ ಹೆಗಲು ಉಜ್ಜಿ ಹುಣ್ಣಾಗುತ್ತೆ. ಎಡಕ್ಕೆ ಹೂಡಿ ಅಭ್ಯಾಸವಾದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಹೆಜ್ಜೆಯನ್ನೇ ಇಡುತ್ತಿರಲಿಲ್ಲ. ನಮ್ಮ ತಾತ ಹೊಲಕ್ಕೆ ಹೂಡುವ ಎತ್ತನ್ನೇ ಕಪಿಲೆ ಬಾವಿಗೂ ಹೂಡುತ್ತಿದ್ದರು. ಎತ್ತು ಇಳಿಜಾರಿನಲ್ಲಿ ಕೆಳಗಿಳಿದರೆ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಗೆ ಮೊದಲ ನೇಗಿಲು ಹೂಡುವುದಕ್ಕೆ ಹೊನ್ನಾರು ಎಂದು ಹೆಸರು. ಚಿನ್ನದ ಗಣಿ ಪಕ್ಕದಲ್ಲೇ ಇದ್ದರೂ ನಮ್ಮ ಪಾಲಿಗೆ ಬಂದ ಹೊನ್ನು ಅದೊಂದೇ!

ಹಳಗನ್ನಡದಲ್ಲಿ ಈ ಮಾತು 'ಪೂಡು' ಎಂದಿತ್ತು. ಪಾಲು ಹಾಲಾದಂತೆ, ಪೂವು ಹೂವಾದಂತೆ ಪೂಡು ಹೋಗಿ ಹೂಡು ಆಯಿತು. ಬಾಣ ಹೂಡುತ್ತೇವೆ, ಬಿಡಾರ ಹೂಡುತ್ತೇವೆ, ಸಂಚು ಹೂಡುತ್ತಾರೆ, ದಾಯಾದಿಗಳ ಮೇಲೆ ಮೊಕದ್ದಮೆ ಹೂಡುತ್ತಾರೆ. (ಇದರಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದವರಲ್ಲ.) ಕೆ.ಜಿ.ಎಫ್.ನ ತಮಿಳು ಜನ ಇದನ್ನೇ 'ಪೂಟ್ಟು' ಎನ್ನುತ್ತಾರೆ. ಅವರಲ್ಲಿ ಎತ್ತು ಹೂಡುವುದೂ ಪೂಟ್ಟು, ಬಾಗಿಲಿಗೆ ಹಾಕುವ ಬೀಗವೂ ಪೂಟ್ಟು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಅವರಿಗೆ ಆ ಎರಡನೆಯ ಅರ್ಥವೇ ಉಳಿಯಿತು.

ಇಂಗ್ಲಿಷಿನಲ್ಲಿ ಹಾರ್ನೆಸ್ ಎಂದರೆ ಕುದುರೆ, ಎತ್ತುಗಳಿಗೆ ಹಾಕುವ ಸಜ್ಜು. ನದಿಯನ್ನು ಹಿಡಿದು ವಿದ್ಯುತ್ ತೆಗೆಯುವುದಕ್ಕೂ ಅದೇ ಮಾತು ಬಳಸುತ್ತಾರೆ. ಹಾಗೆ ನೋಡಿದರೆ ಕಾವೇರಿಗೆ ನೊಗ ಹೊರಿಸಿದ್ದು ನಮ್ಮ ಕೋಲಾರದ ಚಿನ್ನಕ್ಕಾಗಿ. ಜಾನ್ ಟೇಲರ್ ಕಂಪನಿಯ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು, ಸೌದೆ ಕಲ್ಲಿದ್ದಲಿನ ಖರ್ಚು ವಿಪರೀತ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಎಂಬವರು ಶಿವನಸಮುದ್ರದ ಯೋಜನೆ ಮಾಡಿದರು. ಭಾರಿ ಯಂತ್ರಗಳನ್ನು ಅಲ್ಲಿಗೆ ಸಾಗಿಸಿದ್ದು ಆನೆ, ಕುದುರೆ ಮತ್ತು ಎತ್ತಿನ ಗಾಡಿಗಳಲ್ಲಿ. ನದಿಯನ್ನು ಹೂಡುವುದಕ್ಕೂ ಮೊದಲು ಎತ್ತನ್ನೇ ಹೂಡಬೇಕಾಯಿತು, ನೋಡಿ. 1902ರ ಜೂನ್ 30ರಂದು 92 ಮೈಲಿ ದೂರದಿಂದ ತಂತಿಯ ಮೇಲೆ ವಿದ್ಯುತ್ ಗಣಿಗೆ ಬಂತು. ಅಷ್ಟು ಉದ್ದದ ತಂತಿ ಮಾರ್ಗ ಪ್ರಪಂಚದಲ್ಲೇ ಅಪರೂಪ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ನಮ್ಮ ಊರಿಗಂತೂ ಇನ್ನೂ ಎಷ್ಟೋ ದಶಕ ಬರಲಿಲ್ಲ. ಗಣಿಯೊಳಗೆ ಕಾವೇರಿ ದುಡಿಯುತ್ತಿದ್ದಾಗ, ಗಣಿಯಿಂದ ಅಷ್ಟೇನೂ ದೂರವಿಲ್ಲದ ನಮ್ಮ ಬಾವಿಯಲ್ಲಿ ಎತ್ತುಗಳೇ ದುಡಿಯುತ್ತಿದ್ದವು.

ಕಾವೇರಿಯನ್ನು ಹೂಡಿದ ಮೂರು ವರ್ಷಕ್ಕೆ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಹಣ ಕೂಡಿಸಿ ಸಹಕಾರ ಸಂಘ ಕಟ್ಟಿದರು. ನಮ್ಮಂಥವರು ಇಂದು ಹೂಡುವ ಷೇರಿಗೆ ಮೂಲ ಅಲ್ಲಿದೆ.

ಇನ್ನೊಂದು ಬಗೆಯ ಹೂಡಿಕೆಯನ್ನೂ ನಮ್ಮ ಮನೆ ಕಂಡಿದೆ. ಬಾವಿ ಬತ್ತಿ, ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ತಂದೆ ಕಡೆಯ ಜೋಡೆತ್ತು ಮಾರಿದರು. ಮೂರು ವರ್ಷಕ್ಕೆ ದುಪ್ಪಟ್ಟು ಕೊಡುತ್ತೇವೆ ಎಂದ ಒಂದು ಹಣಕಾಸು ಕಂಪನಿಯಲ್ಲಿ ಆ ದುಡ್ಡು ಹೂಡಿದರು. ಕಂಪನಿಯ ಬಾಗಿಲಿಗೆ ಬೀಗ ಬಿತ್ತು, ಬಾಂಡು ಕಾಗದ ಮಾತ್ರ ಪೆಟ್ಟಿಗೆಯಲ್ಲಿದೆ. ತಂದೆಯವರು ಹಣದ ಮಾತು ಎತ್ತಲಿಲ್ಲ. "ಎತ್ತುಗಳು ಯಾರ ಮನೆಗೆ ಹೋದವೋ" ಎಂದಷ್ಟೇ ಅನ್ನುತ್ತಿದ್ದರು. ನಮ್ಮ ಸಂಘದಲ್ಲಿ ಷೇರು ತೆಗೆದುಕೋ ಎಂದಾಗ ಅದೇ ಕಾರಣಕ್ಕೆ ನಾನು ಎರಡು ವರ್ಷ ಹಿಂದೇಟು ಹಾಕಿದೆ, ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒಪ್ಪಿದ್ದು ಲಾಭ ನೋಡಿ ಅಲ್ಲ. ವಾರ್ಷಿಕ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿದರು, ಒಬ್ಬ ಮುದುಕಿ ಎದ್ದು ನಿಂತು ಹಿಂಡಿ ಚೀಲದ ಬಾಬ್ತು ಕೇಳಿದಳು, ಅಧ್ಯಕ್ಷರು ಉತ್ತರ ಕೊಡಬೇಕಾಯಿತು. ಅದನ್ನು ನೋಡಿ ಒಪ್ಪಿದೆ.

ಮಗನ ಪ್ರಶ್ನೆಗೆ ಮಾತಿನಲ್ಲಿ ಹೇಳಿದರೆ ತಿಳಿಯಲಿಲ್ಲ. ಜತ್ತಿಗೆ ಗಂಟು ಹಾಕಲು ಹೋದರೆ ನನ್ನ ಕೈಗೂ ಮರೆತು ಹೋಗಿದೆ. ರಜತ ಮಹೋತ್ಸವದ ದಿನ ಆ ನೊಗ, ಮಿಣಿಯನ್ನು ಸಂಘದ ಕಚೇರಿ ಜಗಲಿಯ ಮೇಲೆ ಇಟ್ಟಿರುತ್ತೇನೆ. ಕಟ್ಟಲು ಬರುವ ಹಿರಿಯರು ಯಾರಾದರೂ ಇದ್ದರೆ, ಊಟಕ್ಕೆ ಮುಂಚೆ ಬಂದು ಮಕ್ಕಳಿಗೆ ಒಮ್ಮೆ ತೋರಿಸಿಕೊಡಬೇಕಾಗಿ ವಿನಂತಿ.