ಅಮೀರಬಾಯಿ ಕರ್ನಾಟಕಿ: ಹೆಸರಿನಲ್ಲೇ ನಾಡನ್ನು ಹೊತ್ತ ಗಾಯಕಿ

ಹಿಂದೀ ಚಿತ್ರಸಂಗೀತದ ಹಳೆಯ ಗ್ರಾಮಾಫೋನ್ ತಟ್ಟೆಗಳನ್ನು ಬಲ್ಲವರಿಗೆ ಅಮೀರಬಾಯಿ ಕರ್ನಾಟಕಿಯವರ ಹೆಸರು ಹೊಸದಲ್ಲ. ಆದರೆ ಆ ಹೆಸರಿನ ಕೊನೆಯ ಪದವನ್ನು ನಾವು ಗಮನಿಸುವುದು ಕಡಿಮೆ. ಅವರು ಹಾಡುತ್ತಿದ್ದ ಕಾಲದಲ್ಲಿ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಕನ್ನಡ ಸೀಮೆಗಳು ಒಂದಾದದ್ದು 1956ರಲ್ಲಿ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಅಷ್ಟರಲ್ಲಿ ಅಮೀರಬಾಯಿ ಕಣ್ಮುಚ್ಚಿ ಎಂಟು ವರ್ಷಗಳಾಗಿದ್ದವು.

ಅವರ ಹುಟ್ಟೂರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿ. ಈಗ ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಆ ಪ್ರದೇಶ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತ್ತು. ಹೀಗಾಗಿ ಅಲ್ಲಿಯ ಜನ ಓದಿಗೆ, ಉದ್ಯೋಗಕ್ಕೆ, ಕಲೆಗೆ ಮುಖ ಮಾಡುತ್ತಿದ್ದುದು ಬೆಂಗಳೂರಿನತ್ತ ಅಲ್ಲ, ಮುಂಬಯಿಯತ್ತ. ಅಕ್ಕ ಗೋಹರಬಾಯಿಯೂ ಗಾಯಕಿ, ನಟಿ. ಮುಂದೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ಬಾಳಸಂಗಾತಿಯಾದವರು ಇವರೇ.

1930ರ ದಶಕದಲ್ಲಿ ಅಮೀರಬಾಯಿ ಬೋಲ್ಪಟಗಳಲ್ಲಿ ನಟಿಸತೊಡಗಿದರು. 1934ರ 'ವಿಷ್ಣು ಭಕ್ತಿ' ಅವರ ಮೊದಲ ಚಿತ್ರಗಳಲ್ಲೊಂದು. ಆದರೆ ನಟಿಯಾಗಿ ಹೆಸರು ಬೇಗ ಬರಲಿಲ್ಲ. ಆಗೆಲ್ಲ ನಟಿಸುವವರೇ ಹಾಡಬೇಕಿತ್ತು. ಹಿನ್ನೆಲೆ ಗಾಯನದ ಪದ್ಧತಿ ಬೇರೂರಿದಂತೆ ಮುಖ ಒಬ್ಬರದು, ದನಿ ಮತ್ತೊಬ್ಬರದು ಎಂಬಂತಾಯಿತು. ಅಮೀರಬಾಯಿಯವರಿಗೆ ಬಾಗಿಲು ತೆರೆದದ್ದು ಈ ಬದಲಾವಣೆಯೇ.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ತೆರೆಕಂಡಿತು. ಸಂಗೀತ ಅನಿಲ್ ಬಿಸ್ವಾಸರದು, ಗೀತೆಗಳು ಕವಿ ಪ್ರದೀಪರವು. ಪರದೆಯ ಮೇಲೆ ನಾಯಕಿ ಮುಮ್ತಾಜ್ ಶಾಂತಿ; ದನಿ ಬೀಳಗಿಯ ಅಮೀರಬಾಯಿ! ಹಿಂದಿನ ವರ್ಷವಷ್ಟೇ 'ಭಾರತ ಬಿಟ್ಟು ತೊಲಗಿ' ಚಳವಳಿ ನಡೆದು ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಖಾನ್ ಮಸ್ತಾನಾರೊಡನೆ ಅಮೀರಬಾಯಿ ಹಾಡಿದ ದೇಶಗೀತೆಯಲ್ಲಿ ಜರ್ಮನ್, ಜಪಾನಿಯರ ಹೆಸರು ಸೇರಿದ್ದರಿಂದ ಅದು ಬ್ರಿಟಿಷರ ಶತ್ರುಗಳ ವಿರುದ್ಧದ ಹಾಡೆಂದು ತೋರುತ್ತಿತ್ತು. ಅದು ಯಾರಿಗೆ ಹೇಳಿದ ಮಾತೆಂಬುದು ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ಓಡಿತು.

ಆಮೇಲೆ ಅವಕಾಶಗಳು ಸಾಲುಗಟ್ಟಿ ಬಂದವು. 1944ರಲ್ಲಿ ಖೇಮಚಂದ್ ಪ್ರಕಾಶರ 'ಭರ್ತೃಹರಿ', ನೌಷಾದರ 'ರತನ್'. 1946ರ ಗುಜರಾತಿ ಚಿತ್ರ 'ರಾಣಕದೇವಿ'ಯಲ್ಲಿ ಹಾಡಿ ಗುಜರಾತಿಗಳ ಮನೆಮಾತಾದರು. 1948ರ 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಆ ಕ್ಷೇತ್ರದಲ್ಲಿ ಹೆಂಗಸರು ಬೆರಳೆಣಿಕೆಯಷ್ಟೂ ಇರದಿದ್ದ ಕಾಲವದು.

ಕೀರ್ತಿ ಬಂದಂತೆ ಸುಖ ಬರಲಿಲ್ಲ. ನಟ ಹಿಮಾಲಯವಾಲಾ ಅವರೊಡನೆ ಆದ ಮದುವೆ ಕಹಿಯಾಗಿ ಮುರಿಯಿತು. ಆತ ಪಾಕಿಸ್ತಾನ ಸೇರಿದರು. ಅನಂತರ ಪತ್ರಕರ್ತ ಬದ್ರಿ ಕಾಂಚವಾಲಾ ಅವರ ಕೈಹಿಡಿದು ನೆಮ್ಮದಿ ಕಂಡರು. ಆದರೆ ಅಷ್ಟರಲ್ಲಿ ಕೇಳುವ ಕಿವಿಗಳೇ ಬದಲಾಗಿದ್ದವು. ಮೈಕ್ ಮುಂದೆ ತುಂಬುಕಂಠದಿಂದ ಹಾಡುವ ಬೈಠಕಿನ ವರಸೆ ಹಿಂದೆ ಸರಿದು, 1949ರ 'ಮಹಲ್', 'ಬರಸಾತ್' ಚಿತ್ರಗಳೊಂದಿಗೆ ಲತಾ ಮಂಗೇಶಕರರ ತೆಳುವಾದ, ಎತ್ತರದ ದನಿ ಜನರನ್ನು ಸೆಳೆಯಿತು. ಹಾಡುವ ಕರೆ ಕಡಿಮೆಯಾಗಿ, ಅಮೀರಬಾಯಿ ಮತ್ತೆ ಸಣ್ಣಪುಟ್ಟ ಪಾತ್ರಗಳಿಗೆ ಬಣ್ಣ ಹಚ್ಚಿದರು. 1965ರ ಮಾರ್ಚಿಯಲ್ಲಿ ತೀರಿಕೊಂಡಾಗ ಮಣ್ಣು ಸಿಕ್ಕಿದ್ದು ವಿಜಾಪುರದಲ್ಲಿ. ದುಡಿದ ಊರು ಮುಂಬಯಿ. ಕೊನೆಗೆ ಸೇರಿದ್ದು ತಮ್ಮ ಸೀಮೆ.

ಹೊರನಾಡಿನಲ್ಲಿ ನೆಲಸಿದ ನಮಗೆ ಅವರ ಬಾಳಿನಲ್ಲಿ ನೋಡತಕ್ಕದ್ದು ಇದೆ. ಅವರು ಹೆಸರು ಗಳಿಸಿದ್ದು ಹಿಂದಿ, ಗುಜರಾತಿಗಳಲ್ಲಿ. ಪರಭಾಷೆಯನ್ನು ಆ ಭಾಷೆಯವರೇ ತಲೆದೂಗುವಷ್ಟು ಚೆನ್ನಾಗಿ ಕಲಿತರು. ಅದಕ್ಕಾಗಿ ತಾವು ಎಲ್ಲಿಯವರೆಂಬುದನ್ನು ಮರೆಮಾಚಲಿಲ್ಲ. ಬಂದ ಊರಿನ ಮಾತನ್ನು ಮನಸಾರೆ ಕಲಿಯುವುದಕ್ಕೂ ಹುಟ್ಟಿದ ನಾಡಿನ ಹೆಸರನ್ನು ಇಟ್ಟುಕೊಳ್ಳುವುದಕ್ಕೂ ವಿರೋಧವಿಲ್ಲ. ನಮ್ಮ ಮಕ್ಕಳು 'ಕಿಸ್ಮತ್' ಹಾಡುಗಳನ್ನು ಕೇಳಿದಾಗ, ಆ ದನಿ ಬೀಳಗಿಯದೆಂದು ನಾವು ಹೇಳದಿದ್ದರೆ ಇನ್ನಾರು ಹೇಳಬೇಕು?