ಇ-ರೀಡರ್ ಕಣ್ಣಿಗೆ ನಿಜಕ್ಕೂ ಹಿತವೇ? ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

"ಮೊಬೈಲ್ ಬಿಡಿ, ಇ-ರೀಡರ್ ಹಿಡಿಯಿರಿ. ಅದರಲ್ಲಿ ನೀಲಿ ಬೆಳಕೇ ಇಲ್ಲ, ಮಕ್ಕಳ ಕನ್ನಡಕದ ನಂಬರ್ ಏರುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ಮೂರು ತಿಂಗಳು ಬರುತ್ತದೆ." ಈ ಬಗೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಅದರ ಬೆನ್ನಿಗೇ "ಇ-ರೀಡರ್‌ನಲ್ಲಿ ಓದಿದರೆ ನಿದ್ದೆ ಕೆಡುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ" ಎನ್ನುವ ಇನ್ನೊಂದು ಸಂದೇಶವೂ ಬರುತ್ತದೆ. ಯಾವುದನ್ನು ನಂಬುವುದು? ಸಾವಿರಾರು ರೂಪಾಯಿ ಕೊಟ್ಟು ಈ ಸಾಧನ ಕೊಂಡರೆ ಅದರಲ್ಲಿ ಕನ್ನಡ ಪುಸ್ತಕ ಓದಲು ಆಗುತ್ತದೆಯೇ? ಒಂದೊಂದಾಗಿ ನೋಡೋಣ.

ಇ-ರೀಡರ್ ಎಂದರೇನು?

ಪುಸ್ತಕ ಓದುವುದಕ್ಕೆಂದೇ ಮಾಡಿದ ಸಾಧನವೇ ಇ-ರೀಡರ್. ನೋಡಲು ಚಿಕ್ಕ ಟ್ಯಾಬ್ಲೆಟ್‌ನಂತಿದ್ದರೂ ಇದರ ಪರದೆ ಬೇರೆಯೇ ಬಗೆಯದು. ಮೊಬೈಲ್ ಪರದೆ ತಾನೇ ಬೆಳಗಿ ಬೆಳಕನ್ನು ನೇರವಾಗಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಇ-ರೀಡರ್ ಪರದೆ ಹಾಗಲ್ಲ. ಕಾಗದದಂತೆ ಅದೂ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮೊಬೈಲ್ ಪರದೆ ಮಂಕಾಗಿ ಕಂಡರೆ ಇ-ರೀಡರ್‌ನ ಅಕ್ಷರ ಇನ್ನಷ್ಟು ಸ್ಪಷ್ಟವಾಗಿ ಕಾಣುವುದು ಇದೇ ಕಾರಣಕ್ಕೆ.

ಈ ಪರದೆಯನ್ನು ಇ-ಇಂಕ್ ಎನ್ನುತ್ತಾರೆ. ಇದನ್ನು ರೂಪಿಸಿದ ಕಂಪನಿ ಅಮೆರಿಕದ ಎಂಐಟಿಯಲ್ಲಿ ನಡೆದ ಸಂಶೋಧನೆಯ ಫಲವಾಗಿ 1997ರಲ್ಲಿ ಶುರುವಾಯಿತು. ಪರದೆಯ ಒಳಗೆ ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯೊಳಗೆ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಬಿಳಿ ಕಣಗಳಿಗೆ ಪ್ಲಸ್ ಚಾರ್ಜ್, ಕಪ್ಪು ಕಣಗಳಿಗೆ ಮೈನಸ್ ಚಾರ್ಜ್. ವಿದ್ಯುತ್ ಕೊಟ್ಟಾಗ ಒಂದು ಬಣ್ಣದ ಕಣಗಳು ಮೇಲಕ್ಕೆ ಬರುತ್ತವೆ, ಇನ್ನೊಂದು ಬಣ್ಣದವು ಕೆಳಕ್ಕಿಳಿಯುತ್ತವೆ. ಕಪ್ಪು ಮೇಲೆ ಬಂದಲ್ಲಿ ಅಕ್ಷರ, ಬಿಳಿ ಮೇಲೆ ಬಂದಲ್ಲಿ ಹಾಳೆ.

ಇದರಲ್ಲಿ ಒಂದು ಜಾಣ್ಮೆಯಿದೆ. ಮೇಲೆ ಬಂದ ಕಣಗಳು ವಿದ್ಯುತ್ ನಿಂತ ಮೇಲೂ ಅಲ್ಲೇ ಉಳಿಯುತ್ತವೆ. ಹೀಗಾಗಿ ಪುಟ ತಿರುವುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು. ಓದುತ್ತಾ ಕೂತಿರುವಾಗ ಬೇಡ. ಇದರ ಇನ್ನೊಂದು ಮುಖವೆಂದರೆ ಕಣಗಳು ಚಲಿಸುವುದು ನಿಧಾನ. ಆದ್ದರಿಂದ ವಿಡಿಯೊ ನೋಡಲು ಇದು ಹೇಳಿಸಿದ್ದಲ್ಲ. ಪುಟ ತಿರುವಿದಾಗ ಪರದೆ ಒಮ್ಮೆ ಕಪ್ಪಾಗಿ ಮಿಂಚುವುದು, ಹಿಂದಿನ ಪುಟದ ಅಕ್ಷರಗಳ ನೆರಳು ತುಸು ಉಳಿಯುವುದು ಸಹಜ. ಅದು ಸಾಧನ ಕೆಟ್ಟಿರುವ ಸೂಚನೆಯಲ್ಲ.

ಎಷ್ಟು ಬಗೆಯ ಇ-ರೀಡರ್‌ಗಳಿವೆ?

ಇ-ಇಂಕ್ ಪರದೆಯ ಮೊದಲ ಇ-ರೀಡರ್ ಸೋನಿ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. 2007ರ ನವೆಂಬರ್‌ನಲ್ಲಿ ಅಮೆಜಾನ್ 399 ಡಾಲರ್ ಬೆಲೆಗೆ ಕಿಂಡಲ್ ತಂದ ಮೇಲೆ ಈ ಸಾಧನ ಮನೆಮಾತಾಯಿತು. ಈಗ ಮುಖ್ಯವಾಗಿ ನಾಲ್ಕು ಬಗೆಯವು ಸಿಗುತ್ತವೆ.

1. ಸಾಮಾನ್ಯ ಇ-ರೀಡರ್: 6ರಿಂದ 7 ಇಂಚಿನ ಕಪ್ಪು-ಬಿಳುಪು ಪರದೆ. ಕಿಂಡಲ್, ಕಿಂಡಲ್ ಪೇಪರ್‌ವೈಟ್, ಕೆನಡಾದ ಕೋಬೊ ಕ್ಲಾರಾ ಈ ಗುಂಪಿನವು. 2022ರ 6 ಇಂಚಿನ ಕಿಂಡಲ್ ತೂಕ 158 ಗ್ರಾಂ. ಒಂದು ಇಂಚಿಗೆ 300 ಚುಕ್ಕಿಗಳಿರುವುದರಿಂದ ಅಕ್ಷರ ಅಚ್ಚಿನಂತೆಯೇ ಕಾಣುತ್ತದೆ.

2. ಬಣ್ಣದ ಇ-ರೀಡರ್: ಕೋಬೊ ಲಿಬ್ರಾ ಕಲರ್, ಕಿಂಡಲ್ ಕಲರ್‌ಸಾಫ್ಟ್ ಎರಡೂ 2024ರಲ್ಲಿ ಬಂದವು. ಇವುಗಳಲ್ಲಿ ಕಪ್ಪು ಅಕ್ಷರಕ್ಕೆ ಇಂಚಿಗೆ 300 ಚುಕ್ಕಿ, ಬಣ್ಣಕ್ಕೆ 150 ಚುಕ್ಕಿ ಮಾತ್ರ. ಬಣ್ಣ ಸಪ್ಪೆ, ದಿನಪತ್ರಿಕೆಯಲ್ಲಿ ಅಚ್ಚಾದ ಚಿತ್ರದಂತೆ ಎನ್ನಬಹುದು. ಮೊಬೈಲ್‌ನ ಬಣ್ಣವನ್ನು ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ.

3. ಬರೆಯಲೂ ಬರುವ ದೊಡ್ಡ ಇ-ರೀಡರ್: 10 ಇಂಚಿನ ಆಸುಪಾಸಿನ ಪರದೆ, ಜೊತೆಗೆ ಪೆನ್ನು. ಕಿಂಡಲ್ ಸ್ಕ್ರೈಬ್, ನಾರ್ವೆಯ ರಿಮಾರ್ಕಬಲ್ ಇಂಥವು. ಪಿಡಿಎಫ್ ಓದುವವರಿಗೆ, ಟಿಪ್ಪಣಿ ಬರೆದುಕೊಳ್ಳುವವರಿಗೆ ಅನುಕೂಲ. ಬೆಲೆ ಹೆಚ್ಚು.

4. ಆಂಡ್ರಾಯ್ಡ್ ಇ-ರೀಡರ್: ಚೀನಾದ ಓನಿಕ್ಸ್ ಬೂಕ್ಸ್ ಇದಕ್ಕೆ ಉದಾಹರಣೆ. ಪರದೆ ಇ-ಇಂಕ್, ಒಳಗಿನದು ಆಂಡ್ರಾಯ್ಡ್. ಹೀಗಾಗಿ ಮೊಬೈಲ್‌ನಂತೆ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು. ಕನ್ನಡ ಓದುಗರಿಗೆ ಇದು ಏಕೆ ಮುಖ್ಯ ಎಂಬುದನ್ನು ಮುಂದೆ ನೋಡೋಣ.

ಹೇಳಿಕೆ 1: ಇದರಲ್ಲಿ ನೀಲಿ ಬೆಳಕಿಲ್ಲ, ಹಾಗಾಗಿ ಕಣ್ಣಿಗೆ ಹಾನಿಯಿಲ್ಲ

ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಇಂದಿನ ಬಹುತೇಕ ಇ-ರೀಡರ್‌ಗಳಲ್ಲಿ ಕತ್ತಲಲ್ಲಿ ಓದಲು ದೀಪವಿರುತ್ತದೆ. ಪರದೆಯ ಅಂಚಿನಲ್ಲಿರುವ ಪುಟ್ಟ ಎಲ್‌ಇಡಿಗಳ ಬೆಳಕು ಪರದೆಯ ಮೇಲೆ ಹರಡಿ, ಅಲ್ಲಿಂದ ಪ್ರತಿಫಲಿಸಿ ನಮ್ಮ ಕಣ್ಣಿಗೆ ಬರುತ್ತದೆ. ಬಿಳಿ ಎಲ್‌ಇಡಿ ಎಂದ ಮೇಲೆ ಅದರಲ್ಲಿ ನೀಲಿಯೂ ಇದ್ದೇ ಇರುತ್ತದೆ. ದೀಪ ಆರಿಸಿ ಕೋಣೆಯ ಬೆಳಕಿನಲ್ಲಿ ಓದಿದಾಗ ಮಾತ್ರ ಸಾಧನದಿಂದ ಯಾವ ಬೆಳಕೂ ಬರುವುದಿಲ್ಲ.

ಎರಡನೆಯದಾಗಿ, ಪರದೆಗಳ ನೀಲಿ ಬೆಳಕಿನಿಂದ ಕಣ್ಣು ಹಾಳಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎನ್ನುತ್ತದೆ ಅಮೆರಿಕದ ನೇತ್ರವೈದ್ಯರ ಅಕಾಡೆಮಿ. ಹಾಗಾದರೆ ಮೊಬೈಲ್ ನೋಡಿದಾಗ ಕಣ್ಣು ಉರಿಯುವುದೇಕೆ? ನಾವು ಸಾಮಾನ್ಯವಾಗಿ ನಿಮಿಷಕ್ಕೆ 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆ ದಿಟ್ಟಿಸುವಾಗ ಇದು ಅರ್ಧಕ್ಕಿಂತ ಕಡಿಮೆಯಾಗಬಹುದು. ಆಗ ಕಣ್ಣು ಒಣಗುತ್ತದೆ, ಉರಿಯುತ್ತದೆ. ಇ-ರೀಡರ್‌ನ ಪ್ರಖರವಲ್ಲದ, ಹೊಳಪಿಲ್ಲದ ಪರದೆ ಅನೇಕರಿಗೆ ಹಿತವೆನಿಸುವುದು ನಿಜ. ಆದರೆ ಕಣ್ಣಿಗೆ ಬಿಡುವು ಕೊಡುವುದು ಇಲ್ಲಿಯೂ ಬೇಕು. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ.

ಹೇಳಿಕೆ 2: ಮಕ್ಕಳ ಕನ್ನಡಕದ ನಂಬರ್ ಏರುವುದಿಲ್ಲ

ಹೀಗೆಂದು ಭರವಸೆ ಕೊಡಲು ಬರುವುದಿಲ್ಲ. ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುವುದಕ್ಕೆ ಬಹಳ ಹೊತ್ತು ಹತ್ತಿರದ ವಸ್ತುವನ್ನೇ ನೋಡುವುದು ಮತ್ತು ಹೊರಗೆ ಆಡುವುದು ಕಡಿಮೆಯಾಗಿರುವುದು ಮುಖ್ಯ ಕಾರಣಗಳ ಸಾಲಿನಲ್ಲಿವೆ. ಮೂಗಿನ ಹತ್ತಿರ ಹಿಡಿದು ಗಂಟೆಗಟ್ಟಲೆ ಓದಿದರೆ ಕಾಗದದ ಪುಸ್ತಕವಾದರೂ ಒಂದೇ, ಇ-ರೀಡರ್ ಆದರೂ ಒಂದೇ. ಮಗುವಿನ ಕಣ್ಣಿಗೆ ಒಳ್ಳೆಯದನ್ನು ಮಾಡಬೇಕೆಂದರೆ ದಿನವೂ ಬಯಲಿನಲ್ಲಿ ಆಡಲು ಕಳಿಸಿ. ಅದಕ್ಕೆ ಖರ್ಚೂ ಇಲ್ಲ.

ವಯಸ್ಸಾದವರ ವಿಚಾರ ಬೇರೆ. ನಲವತ್ತು ದಾಟಿ ಚಾಳೀಸು ಬಂದವರಿಗೆ, ಸಣ್ಣ ಅಕ್ಷರ ಕಾಣದೆ ಓದುವುದನ್ನೇ ಬಿಟ್ಟ ಅಜ್ಜ-ಅಜ್ಜಿಯರಿಗೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಅನುಕೂಲ ದೊಡ್ಡದೇ. ದಪ್ಪ ಕಾದಂಬರಿಯ ಭಾರ ಹೊರುವ ಕಷ್ಟವೂ ತಪ್ಪುತ್ತದೆ.

ಹೇಳಿಕೆ 3: ಇ-ರೀಡರ್ ನಿದ್ದೆ ಕೆಡಿಸುತ್ತದೆ

ಈ ಸಂದೇಶದ ಹಿಂದೆ ನಿಜವಾದ ಅಧ್ಯಯನವೇ ಇದೆ. ಬಾಸ್ಟನ್ನಿನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು ನಡೆಸಿದ ಇದು 2014ರ ಕೊನೆಯಲ್ಲಿ ಪ್ರಕಟವಾಯಿತು. 12 ಮಂದಿ ಐದು ಸಂಜೆ ಸಾಧನದಲ್ಲಿ, ಐದು ಸಂಜೆ ಕಾಗದದ ಪುಸ್ತಕದಲ್ಲಿ ಓದಿದರು. ಸಾಧನದಲ್ಲಿ ಓದಿದ ದಿನಗಳಲ್ಲಿ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು. ಅಧ್ಯಯನದ ತಲೆಬರಹದಲ್ಲಿ "ಬೆಳಕು ಹೊಮ್ಮಿಸುವ ಇ-ರೀಡರ್" ಎಂದಿತ್ತು. ಆದರೆ ಓದಲು ಕೊಟ್ಟಿದ್ದ ಸಾಧನ ಐಪ್ಯಾಡ್! ಅದನ್ನು ಪೂರ್ತಿ ಬೆಳಕಿನಲ್ಲಿಟ್ಟು, ಮಲಗುವ ಮುನ್ನ ಸುಮಾರು ನಾಲ್ಕು ಗಂಟೆ ಓದಿಸಲಾಗಿತ್ತು. ತಲೆಬರಹವನ್ನಷ್ಟೇ ಓದಿದವರು ಇದನ್ನು ಕಿಂಡಲ್‌ಗೂ ಅಂಟಿಸಿಬಿಟ್ಟರು. ರಾತ್ರಿ ಓದುವವರು ಇ-ರೀಡರ್‌ನ ದೀಪವನ್ನು ಆದಷ್ಟು ಕಡಿಮೆ ಮಾಡಿಕೊಂಡರೆ ಸಾಕು. ಕೆಲವು ಮಾದರಿಗಳಲ್ಲಿ ಬೆಳಕನ್ನು ಹಳದಿಗೆ ತಿರುಗಿಸಿಕೊಳ್ಳುವ ಸೌಲಭ್ಯವೂ ಇದೆ.

ಹೇಳಿಕೆ 4: ಒಮ್ಮೆ ಚಾರ್ಜ್ ಮಾಡಿದರೆ ಮೂರು ತಿಂಗಳು

ಸಣ್ಣ ಅಕ್ಷರದ ಷರತ್ತುಗಳನ್ನು ಓದಿ. 2024ರ ಪೇಪರ್‌ವೈಟ್‌ಗೆ "12 ವಾರಗಳವರೆಗೆ" ಎನ್ನುವ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್, ದೀಪ ಮಧ್ಯಮ ಎಂಬ ಷರತ್ತಿನ ಮೇಲೆ ನಿಂತಿದೆ. 84 ದಿನ, ದಿನಕ್ಕೆ ಅರ್ಧ ಗಂಟೆ ಎಂದರೆ ಒಟ್ಟು 42 ಗಂಟೆ. ದಿನಕ್ಕೆ ಎರಡು ಗಂಟೆ ಓದುವವರಿಗೆ ಇದು ಮೂರು ವಾರ. ಆದರೂ ಮೊಬೈಲ್‌ಗೆ ಹೋಲಿಸಿದರೆ ಬಹಳವೇ ಆಯಿತು.

ಹೇಳಿಕೆ 5: ಪರದೆಯಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ

ನಾರ್ವೆಯ ಆನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಮಂದಿ 28 ಪುಟಗಳ ಒಂದೇ ಕತೆಯನ್ನು ಓದಿದರು. ಅರ್ಧ ಜನ ಪುಸ್ತಕದಲ್ಲಿ, ಉಳಿದರ್ಧ ಕಿಂಡಲ್‌ನಲ್ಲಿ. ಹೆಚ್ಚಿನ ಪರೀಕ್ಷೆಗಳಲ್ಲಿ ಇಬ್ಬರೂ ಸರಿಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಕೇಳಿದಾಗ ಪುಸ್ತಕದಲ್ಲಿ ಓದಿದವರು ಮುಂದಿದ್ದರು. ಕತೆ, ಕಾದಂಬರಿಗೆ ಇ-ರೀಡರ್ ಧಾರಾಳವಾಗಿ ಸಾಕು. ಪರೀಕ್ಷೆಗೆ ಓದುವವರು, ಹಿಂದೆ ಮುಂದೆ ಪುಟ ತಿರುವುತ್ತಾ ಅಭ್ಯಾಸ ಮಾಡುವವರು ಕಾಗದವನ್ನು ಪೂರ್ತಿ ಬಿಡದಿರುವುದು ಒಳ್ಳೆಯದು.

ಕನ್ನಡ ಪುಸ್ತಕ ಓದಬಹುದೇ?

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಪರದೆ ಎಷ್ಟೇ ಚೆನ್ನಾಗಿದ್ದರೂ ಓದಬೇಕಾದ ಪುಸ್ತಕ ಅದರೊಳಗೆ ಬರದಿದ್ದರೆ ಏನು ಫಲ?

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದ ವೇದಿಕೆಗಳು ತಮ್ಮದೇ ಆ್ಯಪ್ ಮೂಲಕ ಇ-ಪುಸ್ತಕ ಮಾರುತ್ತಿವೆ. ಕಿಂಡಲ್‌ನಲ್ಲಿ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಆಂಡ್ರಾಯ್ಡ್ ಇ-ರೀಡರ್‌ನಲ್ಲಿ ಬರುತ್ತದೆ. ಹೊಸ ಕನ್ನಡ ಪುಸ್ತಕಗಳನ್ನೇ ಹೆಚ್ಚು ಓದುವವರು ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು.

ಕಡತದ ಬಗೆಯೂ ಮುಖ್ಯ. ಇ-ಪಬ್ ಕಡತದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಪರದೆಗೆ ತಕ್ಕಂತೆ ಹೊಂದಿಕೊಳ್ಳುತ್ತವೆ. ಕೋಬೊ ಇದನ್ನು ನೇರವಾಗಿ ಓದುತ್ತದೆ. ಕಿಂಡಲ್‌ಗೆ ಅಮೆಜಾನ್‌ನ "ಸೆಂಡ್ ಟು ಕಿಂಡಲ್" ಸೇವೆಯ ಮೂಲಕ ಕಳಿಸಬೇಕು. ಪಿಡಿಎಫ್ ಹಾಗಲ್ಲ, ಅದು ಪುಟದ ಪಡಿಯಚ್ಚು. ದೊಡ್ಡ ಹಾಳೆಯ ಪಿಡಿಎಫ್ 6 ಇಂಚಿನ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಅದನ್ನು ಇ-ಪಬ್‌ಗೆ ಬದಲಾಯಿಸಲು ಹೊರಟರೆ ಇನ್ನೊಂದು ತೊಡಕು. ಯೂನಿಕೋಡ್ ಬಳಸದೆ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಿಡಿಎಫ್‌ಗಳು ಬದಲಾಯಿಸಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿಬಿಡುತ್ತವೆ. ಸಾಧನದ ತಪ್ಪು ಇದರಲ್ಲಿಲ್ಲ.

ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವ ಕನ್ನಡ ಪುಸ್ತಕಗಳೂ ಇವೆ. ಕನ್ನಡ ವಿಕಿಸೋರ್ಸ್‌ನಿಂದ ಇ-ಪಬ್ ಇಳಿಸಿಕೊಳ್ಳಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿ ತಾಣದಲ್ಲಿಯೂ ಪುಸ್ತಕಗಳಿವೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ ವಾಟ್ಸಾಪ್‌ನಲ್ಲಿ ಬರುವ ಹೊಸ ಪುಸ್ತಕಗಳ ಪಿಡಿಎಫ್‌ಗಳನ್ನು ಮುಂದಕ್ಕೆ ಕಳಿಸಬೇಡಿ. ಸಾವಿರ ಪ್ರತಿ ಮಾರುವುದೇ ಕಷ್ಟವಾಗಿರುವ ಕಡೆ ಒಂದು ಫಾರ್ವರ್ಡ್ ಲೇಖಕರ, ಪ್ರಕಾಶಕರ ಹೊಟ್ಟೆಯ ಮೇಲೆ ಹೊಡೆಯಬಲ್ಲದು.

ಕೊಂಡ ಪುಸ್ತಕ ನಮ್ಮದೇ?

ಪೂರ್ತಿಯಾಗಿ ಅಲ್ಲ. 2009ರ ಜುಲೈನಲ್ಲಿ ಜಾರ್ಜ್ ಆರ್ವೆಲ್‌ನ "1984" ಮತ್ತು "ಅನಿಮಲ್ ಫಾರ್ಮ್" ಕೃತಿಗಳ ಪ್ರತಿಗಳನ್ನು ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ಹಣ ಮರಳಿ ಬಂತು, ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಇ-ಪುಸ್ತಕ ಕೊಳ್ಳುವಾಗ ನಮಗೆ ಸಿಗುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಕಿಂಡಲ್‌ಗೆ ಹಾಕುವ ಸೌಲಭ್ಯವನ್ನೂ ಅಮೆಜಾನ್ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಕೊಳ್ಳುವ ಮುನ್ನ ಇಷ್ಟು ನೋಡಿ

• ನೀವು ಓದಬೇಕೆಂದಿರುವ ಐದು ಪುಸ್ತಕಗಳ ಹೆಸರು ಬರೆದುಕೊಂಡು, ಅವು ಆ ಸಾಧನದಲ್ಲಿ ಸಿಗುತ್ತವೆಯೇ ಹುಡುಕಿ.
• ಕನ್ನಡದ ಒಂದು ಪುಟ ತೆರೆದು ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಪರೀಕ್ಷಿಸಿ.
• ಪಿಡಿಎಫ್ ಹೆಚ್ಚು ಓದುವವರಾದರೆ ಚಿಕ್ಕ ಪರದೆ ಬೇಡ.
• ಬೆಳಕನ್ನು ಹಳದಿಗೆ ತಿರುಗಿಸುವ, ನೀರು ಬಿದ್ದರೂ ತಡೆಯುವ ಸೌಲಭ್ಯ ಎಲ್ಲ ಮಾದರಿಗಳಲ್ಲಿ ಇರುವುದಿಲ್ಲ.
• ವಾರಂಟಿ, ರಿಪೇರಿ ನಮ್ಮ ದೇಶದಲ್ಲೇ ಸಿಗುತ್ತದೆಯೇ ಕೇಳಿ.

ಒಟ್ಟಿನಲ್ಲಿ ಇ-ರೀಡರ್ ಕಣ್ಣಿನ ಔಷಧವೂ ಅಲ್ಲ, ನಿದ್ದೆಯ ಶತ್ರುವೂ ಅಲ್ಲ. ಓದುವ ನಡುವೆ ನೋಟಿಫಿಕೇಶನ್ ಬಂದು ಗಮನ ಸೆಳೆಯದ, ಕೈಗೆ ಹಗುರವಾದ ಒಳ್ಳೆಯ ಸಲಕರಣೆ, ಅಷ್ಟೆ. ಓದುವ ರೂಢಿ ಇರುವವರಿಗೆ ಅದು ದುಡ್ಡಿಗೆ ಮೋಸ ಮಾಡುವುದಿಲ್ಲ. "ನೀಲಿ ಬೆಳಕಿಲ್ಲ, ನಂಬರ್ ಏರುವುದಿಲ್ಲ" ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಮುಂದಕ್ಕೆ ಒತ್ತುವ ಬದಲು ಮಕ್ಕಳನ್ನು ಆಟಕ್ಕೆ ಕಳಿಸಿ ಎಂದು ಉತ್ತರಿಸಿ.